ಸದ್ದು ಕಡಿಮೆಯಾದ ವರ್ಷಗಳು

ನನ್ನನ್ನು ಆ ಕೋಣೆಯಿಂದ ಹೊರಗೆ ಕಳುಹಿಸಿದ ಮಾತನ್ನು ನಾನು ಇಂದಿಗೂ ಒಂದಕ್ಷರ ತಪ್ಪದೆ ಹೇಳಬಲ್ಲೆ. ಹೇಳಿದವರು ಮಕ್ಕಳ ಹೃದಯದ ತಜ್ಞೆ. ನನ್ನ ಮಗನಿಗಿಂತ ನಾಲ್ಕೈದು ವರ್ಷ ಹಿರಿಯರಿರಬಹುದು. ಸ್ಥಳ ವೈಟ್‌ಫೀಲ್ಡ್ ಕಡೆಯ ದೊಡ್ಡದೊಂದು ಆಸ್ಪತ್ರೆಯ ಎರಡನೆಯ ಮಹಡಿ. ನನ್ನ ಮೊಮ್ಮಗಳಿಗೆ ಆಗ ಐದು ತಿಂಗಳು. ಈಗ ಅವಳಿಗೆ ನಾಲ್ಕು ವರ್ಷ ತುಂಬುತ್ತ ಬಂದಿದೆ. ಈ ನಡುವೆ ನಡೆದುದನ್ನು ಕ್ರಮವಾಗಿ ಬರೆದಿಡಬೇಕೆಂದು ಕುಳಿತಿದ್ದೇನೆ. ಯಾರನ್ನೂ ಕ್ಷಮಿಸುವ ಉದ್ದೇಶ ನನಗಿಲ್ಲ, ನನ್ನನ್ನೂ ಸೇರಿಸಿ.

ಚಿಕ್ಕಬಾಣಾವರದಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. ಕೆಳಗಿನ ಭಾಗವನ್ನು ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಮೇಲೆ ನಾವು ಇದ್ದೆವು: ನಾನು, ಮಗ, ಸೊಸೆ, ಮೊಮ್ಮಗಳು. ನನ್ನ ಹೆಂಡತಿ ಮಗನ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಮಗ ಪೀಣ್ಯದಲ್ಲಿ ಶಿಫ್ಟಿನ ಕೆಲಸ ಮಾಡುತ್ತಾನೆ. ಅದೇ ಪೀಣ್ಯದ ಒಂದು ಯಂತ್ರ ತಯಾರಿಕೆಯ ಕಾರ್ಖಾನೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತನಾದವನು. ನಾನು ಸಹಿ ಹಾಕದೆ ಯಂತ್ರದ ತಿರುಗುವ ದಂಡ, ಅಂದರೆ ಸ್ಪಿಂಡಲ್, ಒಂದೂ ಗೇಟು ದಾಟುತ್ತಿರಲಿಲ್ಲ.

ಮಗು ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು ಬರುತ್ತಿತ್ತು. ನಾಲ್ಕು ಗುಟುಕು ಕುಡಿದು ಬಿಡುತ್ತಿತ್ತು, ಏದುಸಿರು ಬಿಡುತ್ತಿತ್ತು, ಮತ್ತೆ ಅಳುತ್ತಿತ್ತು. ಎರಡು ಸಲ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿತು. ಅಲ್ಲಿಯ ಮಕ್ಕಳ ವೈದ್ಯರು ಎದೆಯಲ್ಲಿ ಸದ್ದಿದೆ, ಹೃದಯ ತಜ್ಞರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಜಾಲಹಳ್ಳಿಯವರೆಗೆ ಆಟೋ, ಅಲ್ಲಿಂದ ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತಿ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದೆವು. ನೋಂದಣಿಯ ಕಿಟಕಿಯಲ್ಲಿದ್ದ ಹುಡುಗಿ ನನ್ನನ್ನು ನೋಡಿ, "ತಾತ, ಸೈಡಿಗೆ ನಿಂತ್ಕೋ, ಪೇರೆಂಟ್ಸ್ ಬರ್ಲಿ" ಎಂದು ಏಕವಚನದಲ್ಲಿ ಹೇಳಿದಳು. ನಾನು ಸರಿಯಲಿಲ್ಲ. ಅರ್ಜಿಯನ್ನು ನಾನೇ ತುಂಬಿದೆ. ಶಿಫ್ಟಿನಲ್ಲಿರುವಾಗ ಮಗನ ಫೋನು ಲಾಕರಿನಲ್ಲಿ ಇರುತ್ತಿದ್ದ ಕಾರಣ ನನ್ನ ನಂಬರನ್ನೇ ಬರೆದೆ. ಈ ಸಂಗತಿ ಮುಂದೆ ಬೇಕಾಗುತ್ತದೆ.

ಮಗುವಿಗೆ ನಿದ್ದೆಯ ಸಿರಪ್ಪು ಕುಡಿಸಿ, ಕತ್ತಲೆ ಕೋಣೆಯಲ್ಲಿ ಎದೆಯ ಸ್ಕ್ಯಾನ್ ಮಾಡಿದರು. ಆಮೇಲೆ ತಜ್ಞೆ ಒಳಗೆ ಕರೆದರು. ನಾವು ಮೂವರೂ ಹೋದೆವು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದೆ, ಅದು ದೊಡ್ಡದು ಎಂದರು. ದೊಡ್ಡದು ಎಂದರೆ ಎಷ್ಟು ಎಂದು ನಾನು ಕೇಳಿದೆ. ಮಿಲಿಮೀಟರಿನಲ್ಲಿ ಹೇಳಿದರು. ಆ ಅಳತೆಯಲ್ಲಿ ಹೆಚ್ಚುಕಡಿಮೆ ಎಷ್ಟಿರಬಹುದು ಎಂದು ಕೇಳಿದೆ. ಅದಕ್ಕೂ ಉತ್ತರ ಕೊಟ್ಟರು. ಇನ್ನೊಬ್ಬರು ಅಳೆದರೆ ಅದೇ ಅಳತೆ ಬರುತ್ತದೆಯೇ, ನಾನು ಮೂವತ್ತನಾಲ್ಕು ವರ್ಷ ಅಳತೆಯ ಕೆಲಸದಲ್ಲೇ ಇದ್ದವನು ಎಂದೆ. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಸಾರ್, ಇದು ನಿಮ್ ಫ್ಯಾಕ್ಟರಿ ಮಿಷನ್ ಅಲ್ಲ. ಅಪ್ಪ ಅಮ್ಮ ಇದಾರಲ್ಲ, ಅವರ ಹತ್ರ ಮಾತಾಡ್ತೀನಿ. ನೀವು ಹೊರಗಡೆ ಕೂತ್ಕೊಳಿ."

ಅವರು ಧ್ವನಿ ಏರಿಸಲಿಲ್ಲ, ಅದನ್ನು ಒಪ್ಪುತ್ತೇನೆ. ಬಾಗಿಲ ಬಳಿಯ ನರ್ಸ್ ತುಟಿಯ ಒಂದು ಅಂಚಿನಲ್ಲಿ ನಕ್ಕು ಬಾಗಿಲು ತೆರೆದು ಹಿಡಿದಳು. ಮಗ ನೆಲ ನೋಡಿದ. ಸೊಸೆ ಮಗುವಿನ ಟೋಪಿ ಸರಿಮಾಡಿದಳು. ನಾನು ಎದ್ದು ಹೋದೆ.

ಹೊರಗೆ ಮೂರು ಮೂರು ಜೋಡಿಸಿದ ಕಬ್ಬಿಣದ ಕುರ್ಚಿಗಳಿದ್ದವು. ನಾನು ಕುಳಿತ ಸಾಲಿನಲ್ಲಿ ಒಂದು ಬೋಲ್ಟು ಇರಲಿಲ್ಲ. ಪಕ್ಕದವರು ಅಲುಗಿದರೆ ನಾನೂ ಅಲುಗುತ್ತಿದ್ದೆ. ಹನ್ನೊಂದು ಗಂಟೆಯಿಂದ ಹನ್ನೊಂದು ನಲವತ್ತರವರೆಗೆ ಅಲ್ಲಿ ಕುಳಿತಿದ್ದೆ. ಆ ನಲವತ್ತು ನಿಮಿಷದಲ್ಲಿ ಒಳಗೆ ಆಡಿದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಇಡೀ ಸಂಗತಿಯಲ್ಲಿ ಕೇಳಬೇಕಾಗಿದ್ದುದು ಆ ಮಾತುಗಳನ್ನೇ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಹಿಂದಿರುಗುವಾಗ ಮೆಟ್ರೋದಲ್ಲಿ ಸೊಸೆ ಅವನ್ನು ಹೇಳಿದಳು. ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಆಪರೇಷನ್ ಆಗಬೇಕಂತೆ. ಆರು ವಾರ ಬಿಟ್ಟು ಬರಬೇಕಂತೆ. ತಡಮಾಡಿದರೆ ಕೆಲವು ಮಕ್ಕಳಿಗೆ ಶ್ವಾಸಕೋಶ ಗಡುಸಾಗುತ್ತದಂತೆ. ಕೊನೆಯಲ್ಲಿ ಇನ್ನೊಂದನ್ನೂ ಹೇಳಿದಳು. ಬೆಳ್ಳಂದೂರಿನ ಕಡೆ ಕೆಲಸಕ್ಕೆ ಹೋಗಿಬರುವವರೂ ಮಹದೇವಪುರದ ಐ.ಡಿ. ಕಾರ್ಡಿನವರೂ ತುಂಬಿಕೊಂಡು ಗದ್ದಲವಿದ್ದ ಕಾರಣ ಅವಳು ನನ್ನ ಕಡೆ ಬಾಗಿ ಹೇಳಬೇಕಾಯಿತು: "ಆಮೇಲಾಮೇಲೆ ಮಗು ಚೆನ್ನಾಗಾದಂಗೆ ಕಾಣುತ್ತಂತೆ ಮಾವ. ಆದ್ರೆ ಅದು ಚೆನ್ನಾಗಾಗಿರೋದಲ್ವಂತೆ. ಅದನ್ನ ನಂಬ್ಕೊಂಡು ಕೂತ್ಕೋಬೇಡಿ ಅಂದ್ರು."

ಹಾಗೆ ವರ್ತಿಸುವ ಯಂತ್ರ ಯಾವುದು, ತೋರಿಸು ನೋಡೋಣ ಎಂದೆ. ಅವಳು ಮಗುವಿನ ಕಡೆ ತಿರುಗಿದಳು. ನನ್ನನ್ನು ಹೊರಗೆ ಕೂರಿಸಿ ಆಡಿದ ಮಾತು ನನ್ನೊಳಗೆ ಬರಲು ನಾನು ಬಿಡಲಿಲ್ಲ.

ಕಾರ್ಖಾನೆಯಲ್ಲಿ ಒಂದೇ ಗೇಜು ತೋರಿಸಿದ ಅಳತೆ ನಂಬಿ ಯಾವುದನ್ನೂ ತಿರಸ್ಕರಿಸುವ ಪದ್ಧತಿ ನಮಗಿರಲಿಲ್ಲ. ಇನ್ನೊಂದು ಗೇಜಿನಿಂದ ನೋಡಿಯೇ ತೀರ್ಮಾನ. ಅದರಂತೆ ಪೀಣ್ಯದಲ್ಲಿ ಮೂವತ್ತು ವರ್ಷದಿಂದ ಕಾರ್ಮಿಕರಿಗೆ ಔಷಧಿ ಕೊಡುತ್ತ ಬಂದ, ನನಗೆ ಪರಿಚಯದ ಹಿರಿಯ ವೈದ್ಯರೊಬ್ಬರಲ್ಲಿಗೆ ಮಗುವನ್ನು ಕರೆದೊಯ್ದೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಾಫಿ ತರಿಸಿದರು. ಇಂಥ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಗಾಬರಿ ಬೇಡ ಎಂದರು. ಆದರೂ ತಜ್ಞರು ಹೇಳಿದ ತಾರೀಖಿಗೆ ತೋರಿಸಿಬಿಡಿ ಎಂದೂ ಅಂದರು. ಮನೆಗೆ ಬಂದು ನಾನು ಹೇಳಿದ್ದು ಮೊದಲನೆಯ ಮಾತನ್ನು ಮಾತ್ರ. ಎರಡನೆಯದನ್ನು ಮುಚ್ಚಿಡಬೇಕೆಂದೇನೂ ಇರಲಿಲ್ಲ. ನನ್ನ ತಲೆಯಲ್ಲಿ ಉಳಿದಿದ್ದು ಆ ಕುರ್ಚಿ, ಕಾಫಿ ಮತ್ತು ಮೊದಲನೆಯ ಮಾತು.

ಆರು ವಾರವಾಯಿತು. ಹೋಗೋಣವೇ ಎಂದು ಸೊಸೆ ಕೇಳಿದಳು. ನೋಡೋಣ ಎಂದೆ. ಇನ್ನೊಮ್ಮೆ ಅವಳು ಮಗನನ್ನು ಕೇಳಿದಾಗ, "ಅಪ್ಪ ನೋಡ್ಕೋತಿದಾರಲ್ಲ ಬಿಡು" ಎಂದು ಅವನು ಹೇಳಿದ್ದು ಅಡುಗೆಮನೆಯಿಂದ ನನಗೆ ಕೇಳಿಸಿತು. ಅಷ್ಟು ಚಿಕ್ಕ ಮಗುವಿನ ಎದೆ ಸೀಳುತ್ತಾರೆ ಎಂಬ ಭಯ ಅವನಿಗೂ ಇತ್ತು, ನನಗೂ ಇತ್ತು. ನನ್ನ ಭಯಕ್ಕೆ ಮರ್ಯಾದೆ ಎಂಬ ಹೆಸರು ಸಿಕ್ಕಿತ್ತು, ಅಷ್ಟೇ ವ್ಯತ್ಯಾಸ.

ಆಸ್ಪತ್ರೆಯಿಂದ ನನ್ನ ಫೋನಿಗೆ ಎರಡು ಸಲ ಕರೆ ಬಂತು. ಮೊದಲನೆಯದಕ್ಕೆ ಬರುತ್ತೇವೆ ಎಂದೆ. ಎರಡನೆಯದಕ್ಕೆ, ನಾವು ಬೇರೆ ಕಡೆ ತೋರಿಸುತ್ತಿದ್ದೇವೆ, ಮತ್ತೆ ಫೋನ್ ಮಾಡಬೇಡಿ ಎಂದೆ. ಈ ಕರೆಗಳ ಸಂಗತಿಯನ್ನು ನಾನು ಮಗನಿಗಾಗಲಿ ಸೊಸೆಗಾಗಲಿ ಹೇಳಲಿಲ್ಲ.

ಇಲ್ಲಿ ನನ್ನ ಕಿವಿಯ ವಿಷಯ ಹೇಳಬೇಕು. ತಿರುಗುವ ಯಂತ್ರದೊಳಗೆ ಬೇರಿಂಗ್ ಹೇಗಿದೆ ಎಂದು ತಿಳಿಯಲು ನಾವು ಹಿತ್ತಾಳೆಯ ಸರಳೊಂದರ ಒಂದು ತುದಿಯನ್ನು ಯಂತ್ರಕ್ಕೆ, ಇನ್ನೊಂದನ್ನು ಕಿವಿಯ ಬುಡಕ್ಕೆ ಒತ್ತಿ ಕೇಳುತ್ತಿದ್ದೆವು. ಸವೆದ ಬೇರಿಂಗ್ ಗೊರಗುಟ್ಟುತ್ತದೆ. ಸರಿಯಾದುದು ಸದ್ದು ಮಾಡುವುದಿಲ್ಲ. ನಿವೃತ್ತಿಗೆ ಮೂರು ವರ್ಷ ಮೊದಲು, ಹೊಸದಾಗಿ ಬಂದ ಇಂಜಿನಿಯರೊಬ್ಬ ಕಂಪನ ಅಳೆಯುವ ಮೀಟರ್ ತಂದು, ಒಂದು ಸ್ಪಿಂಡಲ್ ಸರಿಯಾಗಿದೆ ಎಂದ. ಸರಿಯಿಲ್ಲ, ಒಳಗೆ ಸದ್ದಿದೆ ಎಂದೆ ನಾನು. "ನಿಮ್ ಕಿವಿ ಲಾಸ್ಟ್ ಕ್ಯಾಲಿಬ್ರೇಟ್ ಮಾಡ್ಸಿದ್ದು ಯಾವಾಗ ಅಂಕಲ್?" ಎಂದು, ಕಿವಿಯೂ ಆಗಾಗ ಅಳತೆ ಸರಿಪಡಿಸಬೇಕಾದ ಮೀಟರೇ ಎಂಬಂತೆ, ಎಲ್ಲರ ಮುಂದೆ ಕೇಳಿದ. ಇಡೀ ಶಾಪ್ ನಕ್ಕಿತು. ನಾಲ್ಕನೆಯ ದಿನ ಸ್ಪಿಂಡಲ್ ಬಿಗಿ ಹಿಡಿದುಕೊಂಡು ತಿರುಗದೆ ನಿಂತಿತು. ನೀವು ಹೇಳಿದ್ದು ಸರಿಯಾಗಿತ್ತು ಎಂದು ಯಾರೂ ನನ್ನ ಬಳಿ ಬರಲಿಲ್ಲ. ಬೀಳ್ಕೊಡುಗೆಯ ದಿನವೂ ಆ ಮಾತು ಬರಲಿಲ್ಲ. ಬರದಿದ್ದರೂ ನನ್ನ ಕಿವಿಯನ್ನು ನಾನು ಅಂದಿನಿಂದ ಮತ್ತಷ್ಟು ನಂಬಿದೆ.

ಭಾನುವಾರ ಮಗುವಿಗೆ ಎಣ್ಣೆ ಹಚ್ಚುವ ದಿನ. ಸ್ನಾನವಾದ ಮೇಲೆ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೊದಲು ಎದೆಗೆ, ಆಮೇಲೆ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ಅದು ಕಂಪ್ರೆಸರಿನ ಗಾಳಿ ಕೊಳವೆ ಎಲ್ಲೋ ಸೋರುವಾಗಿನ ಸದ್ದಿನ ಹಾಗಿತ್ತು. ಬಡಿತದ ಜೊತೆಗೆ ಉದ್ದವಾಗಿ, ಒರಟಾಗಿ ಬರುತ್ತಿತ್ತು. ಒಂದು ವರ್ಷ ತುಂಬುವ ಹೊತ್ತಿಗೆ ಸ್ವಲ್ಪ ಇಳಿಯಿತು. ಒಂದೂವರೆ ವರ್ಷಕ್ಕೆ ಸಣ್ಣದಾಯಿತು. ಅದರ ಜೊತೆಗೇ ಹಣೆಯ ಬೆವರು ನಿಂತಿತು. ಕೆಮ್ಮು ಕಫ ಮತ್ತೆ ಬರಲಿಲ್ಲ. ಅನ್ನ ತಿಂದಳು, ತೂಕ ಬಂತು, ಗಲ್ಲ ತುಂಬಿತು. ಎಲ್ಲ ಒಂದಕ್ಕೊಂದು ಹೊಂದಿಕೊಂಡಿತ್ತು. ನನ್ನ ಕೆಲಸದಲ್ಲಿ ಮೂರು ಸಾಕ್ಷ್ಯಗಳು ಒಂದೇ ಕಡೆ ತೋರಿಸಿದರೆ ನಾವು ಸಹಿ ಹಾಕುತ್ತಿದ್ದೆವು.

ಕೆಳಗಿನ ಮನೆಯ ಹೆಂಗಸು ಬಟ್ಟೆ ಒಣಹಾಕಲು ಮೇಲೆ ಬಂದಾಗ ಇದನ್ನು ನೋಡಿ ನಗುತ್ತಿದ್ದಳು. "ಯಾಕ್ರೀ ಅಜ್ಜಾರ, ವಾರಾ ವಾರಾ ಕೂಸಿನ ಬೆನ್ನಿಗೆ ಕಿವಿ ಹಚ್ಚತೀರಿ, ರೇಡಿಯೋ ಏನ್ ಅದು? ಸುದ್ದಿ ಏನ್ ಬಂತ್ರೀ?" ಎಂದು ಕೇಳುತ್ತಿದ್ದಳು. ಸುದ್ದಿ ಒಳ್ಳೆಯದೇ ಬರುತ್ತಿದೆ ಎಂದು ನಾನು ಹೇಳುತ್ತಿದ್ದೆ. ಮಾತು ಕಲಿತ ಮೇಲೆ ಮಗುವೂ ಅಂಗಿ ಮೇಲೆತ್ತಿ ನನ್ನೆದುರು ನಿಂತು, "ತಾತ, ಒಳಗೆ ಯಾರಿದಾರೆ ಕೇಳು" ಎನ್ನುತ್ತಿದ್ದಳು.

ಅವಳ ಎರಡನೆಯ ಹುಟ್ಟುಹಬ್ಬಕ್ಕೆ ಸೊಸೆ ಒಬ್ಬಟ್ಟು ಮಾಡಿದಳು. ರಂಧ್ರ ಮುಚ್ಚುತ್ತಿದೆ ಎಂದು ಅಂದು ನಾನು ಊಟದ ಮುಂದೆ ಘೋಷಿಸಿದೆ. ಮಗನ ಮುಖ ಅರಳಿತು. ಸೊಸೆ ನನ್ನನ್ನೇ ನೋಡಿ, "ನಿಜವಾಗ್ಲೂ ಮಾವ?" ಎಂದಳು. ಅವಳಿಗೂ ನಂಬುವ ಆಸೆಯಿತ್ತು. ಮೆಟ್ರೋದಲ್ಲಿ ತಾನೇ ಹೇಳಿದ ಮಾತನ್ನು ಅವಳು ಮರೆತಿರಲಿಲ್ಲವಂತೆ. ಆದರೆ ದುಂಡಗಾಗುತ್ತಿರುವ ಮಗುವನ್ನು ಕಣ್ಣೆದುರು ಇಟ್ಟುಕೊಂಡು, ಮನೆಯ ಹಿರಿಯನು ಸರಿಯಾಗಿದೆ ಎನ್ನುವಾಗ, ಸರಿಯಿಲ್ಲ ಎಂದು ಹೇಳಲು ತನಗೆ ಬಾಯಿ ಬರಲಿಲ್ಲ ಎಂದು ಈಚೆಗೆ ಒಮ್ಮೆ ಹೇಳಿದಳು.

ಆ ದಿನಗಳಲ್ಲಿ ನಾನು ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ. ಸದ್ದು ಪೂರ್ತಿ ನಿಂತ ಮೇಲೆ ಮಗುವನ್ನು ಆ ತಜ್ಞೆಯ ಬಳಿಗೆ ಕರೆದೊಯ್ದು, ನಿಂತುಕೊಂಡೇ ಹೇಳಬೇಕೆಂದಿದ್ದೆ: ಅಮ್ಮಾ, ನೀವು ಹೊರಗೆ ಕೂರಿಸಿದ ಮನುಷ್ಯ ನಾನು, ಈಗ ಅಳತೆ ಮಾಡಿ ನೋಡಿ. ಅದನ್ನು ಎಷ್ಟೋ ಸಲ ತಿದ್ದಿದ್ದೆ. "ಅಮ್ಮಾ" ಎನ್ನಬೇಕೋ "ಡಾಕ್ಟರೇ" ಎನ್ನಬೇಕೋ ಎಂಬುದೊಂದು ಮಾತ್ರ ತೀರ್ಮಾನವಾಗಿರಲಿಲ್ಲ.

ಅವಳಿಗೆ ಮೂರು ತುಂಬಿ ಅಂಗನವಾಡಿಗೆ ಸೇರಿದಳು. ಅಲ್ಲಿಗೆ ಮಕ್ಕಳ ಆರೋಗ್ಯ ತಪಾಸಣೆಯವರು ಬಂದರು. ಬೆರಳಿಗೆ ಕ್ಲಿಪ್ಪು ಹಾಕಿ ರಕ್ತದ ಆಮ್ಲಜನಕ ನೋಡುವ ಪುಟ್ಟ ಸಾಧನವಿರುತ್ತದಲ್ಲ, ಅದನ್ನು ನಮ್ಮ ಮಗುವಿಗೆ ಹಾಕಿದ ಯುವ ವೈದ್ಯ ಅದನ್ನು ಬಿಚ್ಚಿ ಇನ್ನೊಂದು ಬೆರಳಿಗೆ ಹಾಕಿದ, ಆಮೇಲೆ ಕಾಲ್ಬೆರಳಿಗೆ ಹಾಕಿದ, ಸಾಧನ ಕೆಟ್ಟಿದೆಯೇನೋ ಎಂದು ತನ್ನ ಬೆರಳಿಗೇ ಹಾಕಿಕೊಂಡು ನೋಡಿದ. ಸಾಧನ ಸರಿಯಾಗಿತ್ತು, ಮಗುವಿನ ರಕ್ತದಲ್ಲೇ ಆಮ್ಲಜನಕ ಕಡಿಮೆಯಿತ್ತು. ಮಗು ಮೆಟ್ಟಿಲು ಹತ್ತುವಾಗ ನಡುವೆ ಕೂರುತ್ತಾಳೆಯೇ ಎಂದು ಅವನು ಸೊಸೆಯನ್ನು ಕೇಳಿದನಂತೆ. ಕೂರುತ್ತಿದ್ದಳು. ನಮ್ಮ ಮನೆಯ ಮೆಟ್ಟಿಲು ಹದಿನೇಳು. ಅವಳು ಒಂಬತ್ತನೆಯದರಲ್ಲಿ ಕೂತು ಗೋಡೆಗೆ ಒರಗುತ್ತಿದ್ದಳು. ಅಪ್ಪನ ಹಾಗೆ ಸೋಮಾರಿ ಎಂದು ನಾವು ಮೂವರೂ ನಗುತ್ತಿದ್ದೆವು.

ಕೂಡಲೇ ಹೃದಯ ತಜ್ಞರಿಗೆ ತೋರಿಸಿ ಎಂದು ಅವನು ಬರೆದುಕೊಟ್ಟ ಚೀಟಿ ಹಿಡಿದು, ಎರಡು ವರ್ಷ ಒಂಬತ್ತು ತಿಂಗಳಾದ ಮೇಲೆ, ಅದೇ ಕೋಣೆ. ಮೇಜು ಬದಲಾಗಿತ್ತು. ನನ್ನ ವಾಕ್ಯ ಬಾಯಲ್ಲಿತ್ತು. ತಜ್ಞೆ ತಲೆಯೆತ್ತಿ ನನ್ನನ್ನು ನೋಡಿ, "ತಾತನಾ? ಬನ್ನಿ ಸಾರ್, ಕೂತ್ಕೊಳಿ" ಎಂದು ತಮ್ಮ ಪಕ್ಕದ ಕುರ್ಚಿ ತೋರಿಸಿದರು.

ಅವರಿಗೆ ನನ್ನ ನೆನಪಿರಲಿಲ್ಲ. ನಾನು ಅಷ್ಟು ದಿನ ಹೊತ್ತುಕೊಂಡಿದ್ದ ಮಾತನ್ನು ಅವರು ಅಂದೇ ಮಧ್ಯಾಹ್ನದ ಊಟಕ್ಕೆ ಮೊದಲು ಮರೆತಿರಬೇಕು. ಇದನ್ನೂ ಒಂದು ಅವಮಾನವೆಂದೇ ನಾನು ಗಣಿಸಿದ್ದೇನೆ, ಆದರೆ ಯಾರ ಲೆಕ್ಕಕ್ಕೆ ಹಾಕಬೇಕೆಂದು ತಿಳಿದಿಲ್ಲ.

ಅವರು ಸ್ಟೆತಾಸ್ಕೋಪನ್ನು ಮಗುವಿನ ಎದೆಗೆ ಇಟ್ಟು ಬಹಳ ಹೊತ್ತು ಕೇಳಿದರು. ಕಣ್ಣು ಮುಚ್ಚಿಕೊಂಡಿದ್ದರು. ನಾನೂ ಹಾಗೆಯೇ ಕೇಳುತ್ತಿದ್ದುದು. "ಸದ್ದು ತುಂಬ ಕಡಿಮೆಯಾಗಿದೆ ಅಲ್ಲವೇ?" ಎಂದು ಕೇಳಿದೆ. ಹೌದು ಎಂದರು. ಮತ್ತೆ ಸ್ಕ್ಯಾನ್ ಮಾಡಿಸಿದರು. ಆಮೇಲೆ ಒಂದು ಕಾಗದದ ಮೇಲೆ ಎರಡು ಕೋಣೆ, ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ತೂತು ಬರೆದು, ಕಾಗದವನ್ನು ನನ್ನ ಕಡೆಗೇ ತಿರುಗಿಸಿದರು.

"ತೂತು ಅಷ್ಟೇ ಇದೆ ಸಾರ್, ಚಿಕ್ಕದಾಗಿಲ್ಲ. ಮೊದಲು ಈ ಕಡೆ ಪ್ರೆಶರ್ ಜಾಸ್ತಿ, ಆ ಕಡೆ ಕಮ್ಮಿ. ರಕ್ತ ರಭಸವಾಗಿ ಹೋಗ್ತಿತ್ತು, ಅದಕ್ಕೇ ಸದ್ದು. ಈಗ ಶ್ವಾಸಕೋಶದ ರಕ್ತನಾಳ ಗಡುಸಾಗಿ ಆ ಕಡೆ ಪ್ರೆಶರ್ರೂ ಇಷ್ಟೇ ಆಗಿದೆ. ಎರಡೂ ಸಮ."

ಮುಂದಿನದನ್ನು ಅವರು ಹೇಳುವ ಅಗತ್ಯವಿರಲಿಲ್ಲ. ಎರಡು ಗಾಳಿ ಟ್ಯಾಂಕುಗಳ ನಡುವಿನ ವಾಲ್ವು ತೆರೆದಾಗ ಮೊದಲು ಭರ್ರೆಂದು ಸದ್ದು ಬಂದು, ಎರಡರ ಒತ್ತಡ ಸಮವಾಗುತ್ತಿದ್ದಂತೆ ಸದ್ದು ಇಳಿದು ನಿಲ್ಲುವುದನ್ನು ನಾನು ಸಾವಿರ ಸಲ ಕೇಳಿದ್ದೇನೆ. ವಾಲ್ವು ಮುಚ್ಚಿದ್ದರಿಂದ ನಿಂತ ಸದ್ದಲ್ಲ ಅದು. ಮಗ ಮತ್ತು ಸೊಸೆಗಿಂತ ಮೊದಲು, ಆ ಕೋಣೆಯಲ್ಲಿ ಅದನ್ನು ಅರ್ಥಮಾಡಿಕೊಂಡವನು ನಾನು. ಶ್ವಾಸಕೋಶಕ್ಕೆ ಹೆಚ್ಚು ರಕ್ತ ನುಗ್ಗುವುದು ಕಡಿಮೆಯಾದದ್ದರಿಂದಲೇ ಬೆವರು ನಿಂತಿತ್ತು, ಕಫ ನಿಂತಿತ್ತು, ತೂಕ ಬಂದಿತ್ತು. ನನ್ನ ಮೂರು ಸಾಕ್ಷ್ಯಗಳೂ ಸರಿಯಾಗಿಯೇ ಇದ್ದವು. ಒಂದೊಂದು ಭಾನುವಾರವೂ ನಾನು ಕಿವಿಯಿಟ್ಟು ಕೇಳಿ ಸಂತೋಷಪಟ್ಟದ್ದು ಅವಳ ಶ್ವಾಸಕೋಶ ಗಡುಸಾಗುವುದನ್ನು.

ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಬೆರಳುಗಳನ್ನು ಬಹಳ ಹೊತ್ತು ತಣ್ಣೀರಿನಲ್ಲಿಟ್ಟಂತೆ ಇತ್ತು. ಮೇಜಿನ ಅಂಚು ಹಿಡಿದಿದ್ದೆ, ಹಿಡಿದದ್ದು ತಿಳಿಯಲಿಲ್ಲ.

ತಜ್ಞೆ ಹಳೆಯ ಫೈಲು ತಿರುವಿದರು. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಸೊಸೆಯನ್ನು ಕೇಳಿದರು. ಸೊಸೆ ನನ್ನ ಕಡೆ ನೋಡಲಿಲ್ಲ. "ನಾವೇ ಬರ್ಲಿಲ್ಲ ಮೇಡಂ" ಎಂದಳು. ಆಸ್ಪತ್ರೆಯಿಂದ ಒಂದು ಫೋನಾದರೂ ಮಾಡಬಹುದಿತ್ತು ಎಂದು ಮಗ ಮೆಲ್ಲಗೆ ಗೊಣಗಿದ. ಆಗ ಅವರು ಫೈಲಿನ ಮೇಲೆ ಬೆರಳಿಟ್ಟರು.

"ಎರಡು ಸಲ ಮಾಡಿದೀವಿ, ಇಲ್ಲಿ ಬರೆದಿದೆ. ಬೇರೆ ಕಡೆ ತೋರಿಸ್ತಿದೀವಿ, ಮತ್ತೆ ಮಾಡಬೇಡಿ ಅಂದಿದಾರೆ. ಈ ನಂಬರ್ ಯಾರದು?"

ಮಗು ಸೊಸೆಯ ಬಳೆಗಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದಳು. ನನ್ನದು ಎಂದೆ. ಬೇಡವೆಂದವನೂ ನಾನೇ, ಇವರಿಬ್ಬರಿಗೂ ಫೋನಿನ ವಿಷಯ ಗೊತ್ತಿಲ್ಲ ಎಂದೆ. ಏಕೆ ಎಂದು ತಜ್ಞೆ ಕೇಳಲಿಲ್ಲ. ಕೇಳಿದ್ದರೆ, ಅವರು ನನ್ನನ್ನು ಹೊರಗೆ ಕೂರಿಸಿದ್ದನ್ನು ಹೇಳಬೇಕಾಗುತ್ತಿತ್ತು. ಹೇಳುತ್ತಿದ್ದೆನೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದು ಅವಮಾನವಾಗಿತ್ತು ಎಂಬುದರಲ್ಲಿ ನನಗೆ ಈಗಲೂ ಸಂದೇಹವಿಲ್ಲ. ಆದರೆ ಆ ಮೇಜಿನ ಮೇಲೆ ಇಡುವಷ್ಟು ದೊಡ್ಡದಾಗಿ ಅದು ಕಾಣಲಿಲ್ಲ.

ಅಂದು ಮನೆಗೆ ಬಂದು ಮಗುವಿಗೆ ಉಣ್ಣಿಸಿ ಮಲಗಿಸಿದ ಮೇಲೆ ಸೊಸೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. "ಇನ್ಮೇಲೆ ಅವಳ ಎದೆಗೆ ಕಿವಿ ಇಡ್ಬೇಡಿ ಮಾವ" ಎಂದಳು. ಇಡುವುದಿಲ್ಲ ಎಂದೆ. ಮಗ ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಆಡಿದ್ದೂ ಗ್ಯಾಸ್ ಸಿಲಿಂಡರಿನ ವಿಷಯ.

ಇನ್ನು ಉಳಿದಿದ್ದು ಒಂದೇ ಪ್ರಶ್ನೆ: ಈಗಲಾದರೂ ರಂಧ್ರ ಮುಚ್ಚಬಹುದೇ. ಅದನ್ನು ತಿಳಿಯಲು ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ, ಶ್ವಾಸಕೋಶದ ರಕ್ತನಾಳದ ಒತ್ತಡ ಅಳೆಯಬೇಕಿತ್ತು. ಅಳೆದರು. ಆಮ್ಲಜನಕ ಕೊಟ್ಟು ಮತ್ತೊಮ್ಮೆ ಅಳೆದರು. ಒತ್ತಡ ಸ್ವಲ್ಪ ಇಳಿಯಿತಂತೆ, ಸಾಕಾಗುವಷ್ಟು ಅಲ್ಲವಂತೆ. ಆರು ತಿಂಗಳು ಔಷಧಿ ಕೊಟ್ಟು, ಮತ್ತೆ ಅಳೆದು ತೀರ್ಮಾನಿಸೋಣ ಎಂದರು.

ಔಷಧಿ ದಿನಕ್ಕೆ ಮೂರು ಸಲ, ಎಂಟು ಗಂಟೆಗೊಮ್ಮೆ. ಸೊಸೆ ಗಾರ್ಮೆಂಟ್ಸಿನ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಬಾಯಿಗೆ ಬಿಡಬೇಕು. ಅಳತೆಯ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕೆಂದು ಹೇಳಲು ಒಮ್ಮೆ ಬಾಯಿ ತೆರೆದೆ. ಅವಳು ಅದನ್ನು ಹಾಗೆಯೇ ಹಿಡಿದಿದ್ದಳು. ಆ ಆರು ತಿಂಗಳಲ್ಲಿ ಒಂದು ಹೊತ್ತನ್ನೂ ಅವಳು ನನ್ನ ಕೈಗೆ ಕೊಡಲಿಲ್ಲ. ಅಂಗಡಿಗೆ ಹೋಗಿ ಬನ್ನಿ ಎಂದಾಗಲಿ, ಮಗುವನ್ನು ಹಿಡಿದುಕೊಳ್ಳಿ ಎಂದಾಗಲಿ ಹೇಳಲಿಲ್ಲ. ಊಟಕ್ಕೆ ಕರೆಯುವುದನ್ನು ಮಾತ್ರ ತಪ್ಪಿಸಲಿಲ್ಲ. ಭಾನುವಾರ ಸ್ನಾನವಾದ ಮೇಲೆ ಮಗು ಅಭ್ಯಾಸದಂತೆ ಅಂಗಿ ಎತ್ತಿಕೊಂಡು ಬಂದರೆ, ರೇಡಿಯೋ ಕೆಟ್ಟಿದೆ ಎಂದು ನಾನು ಹೇಳುತ್ತಿದ್ದೆ. ಮೂರು ನಾಲ್ಕು ವಾರದ ಮೇಲೆ ಅವಳೂ ಬಿಟ್ಟಳು.

ಎರಡನೆಯ ಅಳತೆ ಕಳೆದ ತಿಂಗಳು ಆಯಿತು. ಮರುದಿನ ಬೆಳಿಗ್ಗೆ ನಮ್ಮನ್ನು ಕರೆದರು. ಮಗು ವಾರ್ಡಿನಲ್ಲಿ ನರ್ಸ್ ಜೊತೆ ಇದ್ದಳು. ತಜ್ಞೆ ಮೂವರಿಗೂ ಕುರ್ಚಿ ಹಾಕಿಸಿ, ಕಾಗದಗಳನ್ನು ಬದಿಗಿಟ್ಟು ಮಾತಾಡಿದರು. ಆಪರೇಷನ್ ಮಾಡಲಾಗುವುದಿಲ್ಲ ಎಂದರು. ಔಷಧಿಯಿಂದ ಒತ್ತಡ ಬೇಕಾದಷ್ಟು ಇಳಿದಿಲ್ಲ. ಎಲ್ಲ ಮಕ್ಕಳಿಗೂ ಇಷ್ಟು ಬೇಗ ಹೀಗಾಗುವುದಿಲ್ಲ, ಇವಳಿಗೆ ಆಗಿದೆ. ಈಗ ರಂಧ್ರ ಮುಚ್ಚಿದರೆ ಹೃದಯದ ಬಲಗಡೆಗೆ ಒತ್ತಡ ಹೊರಹಾಕಲು ದಾರಿಯೇ ಇರದೆ, ಅದು ಸೋತುಹೋಗುತ್ತದೆ. ಆ ತೂತೇ ಈಗ ಅವಳನ್ನು ಕಾಯುತ್ತಿರುವುದು. ಔಷಧಿ ಮುಂದುವರಿಯಬೇಕು. ಶಾಲೆಗೆ ಹೋಗಬಹುದು. ಓಡಬಾರದು, ಮೆಟ್ಟಿಲು ಹತ್ತಬಾರದು, ಹೊಟ್ಟೆ ಕೆಟ್ಟು ನೀರು ಕಳೆದುಕೊಳ್ಳದಂತೆ ನೋಡಿಕೊಳ್ಳಬೇಕು. ಎಷ್ಟು ವರ್ಷ ಎಂದು ಮಗ ಕೇಳಿದ. ನಾನು ಹೇಳಿದರೆ ಸುಳ್ಳಾಗುತ್ತದೆ, ಕೆಲವರು ದೊಡ್ಡವರಾಗಿ ಕೆಲಸಕ್ಕೆ ಹೋಗುತ್ತಿದ್ದಾರೆ, ಕೆಲವರು ಇಲ್ಲ ಎಂದರು.

ಸೊಸೆ ಅಷ್ಟರವರೆಗೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯವನ್ನು ನೋಡುತ್ತಿದ್ದಳು. "ಆಗ್ಲೇ ಬಂದಿದ್ರೆ?" ಎಂದಳು.

ತಜ್ಞೆ ಅವಳ ಕಡೆ ತಿರುಗಿದರು. ನನ್ನ ಕಡೆ ನೋಡಬಹುದಿತ್ತು, ನೋಡಲಿಲ್ಲ.

"ಆಗ ಬಂದಿದ್ರೆ ಮುಚ್ಚುತ್ತಿದ್ವಿ ಕಣಮ್ಮ."

ಜನ ನನಗೆ ಆಡಿದ ಮಾತುಗಳನ್ನು ಬಹಳ ವರ್ಷದಿಂದ ತೂಗಿ ಇಟ್ಟುಕೊಂಡು ಬಂದಿದ್ದೇನೆ. ಇದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅದರಲ್ಲಿ ಹಗೆಯಿರಲಿಲ್ಲ, ತಿರಸ್ಕಾರವಿರಲಿಲ್ಲ. ಸುಳ್ಳೂ ಇರಲಿಲ್ಲ.

ಮಗುವನ್ನು ಕರೆದುಕೊಂಡು ಮನೆಗೆ ಬಂದೆವು. ದಾರಿಯಲ್ಲಿ ಅವಳು, "ತಾತ, ಡಾಕ್ಟ್ರಿಗೆ ನನ್ ಒಳಗೆ ಯಾರ್ ಸಿಕ್ಕಿದ್ರು?" ಎಂದು ಕೇಳಿದಳು. ಮಗ ಅವಳನ್ನು ಕಿಟಕಿಯ ಕಡೆ ತಿರುಗಿಸಿ ಕೆರೆ ತೋರಿಸಿದ. ಮನೆಯಲ್ಲಿ ಹದಿನೇಳು ಮೆಟ್ಟಿಲನ್ನು ಅವನೇ ಎತ್ತಿಕೊಂಡು ಹತ್ತಿದ.

ಆ ವಾರವೇ ಕೆಳಗಿನ ಮನೆಯವರನ್ನು ಮಾತಾಡಿಸಿದೆ. ನಾವು ಕೆಳಗೆ ಬರಬೇಕಾಗಿದೆ, ನೀವು ಮೇಲಿನ ಮನೆಗೆ ಹೋಗುವಿರಾ ಎಂದು ಕೇಳಿದೆ. ಕಾರಣ ಹೇಳಿದೆ, ನನ್ನ ಪಾಲನ್ನೂ ಬಿಡದೆ ಹೇಳಿದೆ. ರೇಡಿಯೋ ಎಂದು ತಮಾಷೆ ಮಾಡುತ್ತಿದ್ದ ಹೆಂಗಸು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಇವತ್ತ ಏರಿಸಿಬಿಡ್ತೀವ್ರಿ ಅಜ್ಜಾರ, ನಮ್ದೇನ್ ಸಾಮಾನ ಐತಿ" ಎಂದಳು. ಅವಳ ಗಂಡ ಕೆಲಸಕ್ಕೆ ರಜೆ ಹಾಕಿ, ನಮ್ಮ ಬೀರು, ಬಟ್ಟೆ, ಪಾತ್ರೆಗಳನ್ನೆಲ್ಲ ಮಗನೊಡನೆ ಕೆಳಗೆ ಇಳಿಸಿದ.

ಕೆಳಗಿನ ಮನೆ ಚಿಕ್ಕದು: ಒಂದು ಹಾಲು, ಒಂದು ಕೋಣೆ, ಅಡುಗೆಮನೆ. ನಾಲ್ಕು ಜನಕ್ಕೆ ಇಕ್ಕಟ್ಟು. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನನ್ನ ಹಳೆಯ ಸಾಮಾನಿಟ್ಟ ಶೀಟಿನ ಕೋಣೆಯೊಂದಿದೆ. ಅದನ್ನು ಎರಡು ದಿನ ಮೊದಲೇ ನಾನು ಗುಡಿಸಿ ಇಟ್ಟುಕೊಂಡಿದ್ದೆ. ನನ್ನ ಮಂಚವನ್ನು ಇಳಿಸಲು ಅವರು ಬಂದಾಗ, ಅದು ಇಲ್ಲೇ ಇರಲಿ, ಆಮೇಲೆ ತಾರಸಿಯ ಕೋಣೆಗೆ ಹಾಕಿಕೊಳ್ಳುತ್ತೇನೆ ಎಂದೆ. ಸೊಸೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಾನು ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಿ ಮಾವ," ಎಂದಳು. "ಮಧ್ಯಾಹ್ನ ಎರಡು ಗಂಟೆ ಔಷಧಿ ನೀವು ಕೊಡ್ಬೇಕು. ಎರಡು ಅಂದ್ರೆ ಎರಡು. ಮಂಚ ಕೆಳಗೆ ಹಾಕಿ."

ಅವಳ ಧ್ವನಿಯಲ್ಲಿ ಸಿಟ್ಟೋ ಕ್ಷಮೆಯೋ ಎಂದು ನಾನು ಹುಡುಕಿದೆ, ಯಾವುದೂ ಇರಲಿಲ್ಲ. ನನಗಿಂತ ಸಮಯಕ್ಕೆ ಸರಿಯಾಗಿ ಕೊಡುವವರು ಬೇರೆ ಯಾರೂ ಇರಲಿಲ್ಲ, ಅಷ್ಟೇ. ಮಂಚದ ಒಂದು ತುದಿಯನ್ನು ಮಗ ಹಿಡಿದ, ಇನ್ನೊಂದನ್ನು ನಾನು ಹಿಡಿದೆ.